ಬಾಯಿಗೆ ಏನೂ ಹಾಕಬಾರದು

ಮಾರ್ಚ್ ೩, ಸೋಮವಾರ

ನರದ ಡಾಕ್ಟರು ಬರೆದಿಡಿ ಎಂದರು, ಅದಕ್ಕೇ ಬರೆಯುತ್ತಿದ್ದೇನೆ. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವನಿಗೆ ಬರವಣಿಗೆ ಎಂದರೆ ಕೆಲಸ ಮುಗಿದ ಮೇಲೆ ಚೀಟಿಯಲ್ಲಿ 'ಸರಿಯಾಗಿದೆ' ಎಂದು ಬರೆದು ಸಹಿ ಹಾಕುವುದು. ಇಲ್ಲಿ ಸರಿಯಿಲ್ಲದ್ದನ್ನೇ ಬರೆಯಬೇಕಂತೆ.

ನನ್ನ ಹೆಂಡತಿ ಇವಳಿಗೆ ಫಿಟ್ಸ್ ಮರಳಿ ಬಂದಿದೆ. ಮದುವೆಗೆ ಮುಂಚಿನಿಂದ ಇದ್ದದ್ದೇ. ಮಾತ್ರೆಯ ಭಯಕ್ಕೆ ಎಷ್ಟೋ ವರ್ಷ ತೆಪ್ಪಗಿತ್ತು. ಕಳೆದ ಗುರುವಾರ ಮನೆಯ ಕೆಳಗಿರುವ ಇವಳ ಬಟ್ಟೆ ಕತ್ತರಿಸುವ ಅಂಗಡಿಯಲ್ಲಿ, ಇನ್ನೇನು ಊಟಕ್ಕೆ ಮೇಲೆ ಬರಬೇಕು, ಅಷ್ಟರಲ್ಲಿ ಸೀಮೆಸುಣ್ಣ ಹಿಡಿದ ಕೈ ಬಟ್ಟೆಯ ಮೇಲೆ ಹಾಗೇ ನಿಂತುಬಿಟ್ಟಿತು. ಕರೆದರೆ ನನ್ನ ಕಡೆ ನೋಡುತ್ತಾಳೆ, ಉತ್ತರವಿಲ್ಲ. ಕೈ ಸಣ್ಣಗೆ ನಡುಗುತ್ತಿತ್ತು, ರವಿಕೆ ಬೆವರಿಗೆ ತೊಯ್ದಿತ್ತು. ಅಂಗಡಿಯ ಫ್ಯಾನು ತಿರುಗುವುದಕ್ಕಿಂತ ಕಿರುಗುಟ್ಟುವುದೇ ಜಾಸ್ತಿ.

ನಾನು ಗಾಬರಿಯಾಗಲಿಲ್ಲ. ನೆಲಕ್ಕೆ ಇಳಿಸಿ, ಒಂದು ಮಗ್ಗುಲಿಗೆ ಮಲಗಿಸಿ, ಸೂಜಿ ಕತ್ತರಿ ದೂರ ಸರಿಸಿ ಪಕ್ಕದಲ್ಲಿ ಕೂತೆ. ಬಾಯಿಗೆ ಏನೂ ಹಾಕಬಾರದು, ಕಾಯಬೇಕು. ಇದು ನಮ್ಮ ಮನೆಯ ಕಾನೂನು. ಮದುವೆಯಾದ ಹೊಸದರಲ್ಲಿ ಒಂದು ಸಲ ಹೀಗಾದಾಗ ನನ್ನಮ್ಮ ಹಲ್ಲಿನ ಮಧ್ಯೆ ಸ್ಟೀಲಿನ ಚಮಚ ತುರುಕಿದ್ದರು. ಮುಂದಿನ ಹಲ್ಲು ಅರ್ಧ ಮುರಿಯಿತು. ಈಗಲೂ ಇವಳು ನಕ್ಕರೆ ಆ ಅರ್ಧ ಹಲ್ಲು ಕಾಣುತ್ತದೆ. ಅವತ್ತಿನಿಂದ ಈ ಮನೆಯಲ್ಲಿ ಆ ಹೊತ್ತಿನಲ್ಲಿ ಇವಳ ಬಾಯಿಯ ಹತ್ತಿರ ಯಾರ ಕೈಯನ್ನೂ ಬಿಟ್ಟವನಲ್ಲ ನಾನು.

ಡಾಕ್ಟರು ಎಲ್ಲ ಕೇಳಿ, "ಮನೆಗೊಬ್ಬರು ನಿಮ್ಮಂಥೋರು ಇದ್ದಿದ್ರೆ ನಮಗೆ ಅರ್ಧ ಕೆಲಸ ಕಡಿಮೆಯಾಗ್ತಿತ್ತು" ಎಂದರು. ಇವಳು ಪಕ್ಕದಲ್ಲೇ ಕೂತು, "ಮನೇಲಿ ಇಟ್ಕೊಂಡು ನೋಡಿ, ಆಮೇಲೆ ಹೇಳಿ" ಎಂದಳು.

ಮಾರ್ಚ್ ೯, ಭಾನುವಾರ

ಬೆಳಿಗ್ಗೆ ಎದ್ದ ತಕ್ಷಣ ಇವಳ ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದೆ. ತೊಂಬತ್ತೊಂದು. ಹೋದ ವರ್ಷ ಇವಳಿಗೆ ಸಕ್ಕರೆ ಕಾಯಿಲೆ ಗೊತ್ತಾದಾಗ ಇನ್ನೂರು ದಾಟಿತ್ತು. ಫೆಬ್ರವರಿಯಲ್ಲಿ ಸಕ್ಕರೆ ಡಾಕ್ಟರು ಒಂದು ಮಾತ್ರೆಯನ್ನು ಎರಡು ಮಾಡಿದರು. ಮಿಕ್ಕದ್ದು ನನ್ನ ಸಾಧನೆ. ಇವಳ ಬೆಳಗಿನ ಬ್ರೆಡ್ಡು ನಿಲ್ಲಿಸಿದೆ. ಹತ್ತು ಗಂಟೆಯ ಟೀ ಬಿಸ್ಕತ್ತು ನಿಲ್ಲಿಸಿದೆ. ಮಾತ್ರೆ ನುಂಗಿ ಒಂದು ಬಟ್ಟಲು ಬೇಯಿಸಿದ ತರಕಾರಿ, ಮತ್ತೆ ಮಧ್ಯಾಹ್ನವೇ ಊಟ. ಡಾಕ್ಟರು ಇಷ್ಟು ಹೇಳಿರಲಿಲ್ಲ. ಡಾಕ್ಟರು ಹೇಳಿದ್ದಷ್ಟನ್ನೇ ಮಾಡುವವರು ಯಾರು ಬೇಕಾದರೂ ಸಿಗುತ್ತಾರೆ.

ಸೊನ್ನೆಯಿಂದ ದೂರ ಇರುವುದೆಲ್ಲ ಶತ್ರು ಎಂದು ಇಟ್ಟುಕೊಂಡಿದ್ದೇನೆ. ಅಂಕಿ ಇಳಿದ ದಿನ ನನಗೆ ಬಡ್ತಿ ಸಿಕ್ಕಷ್ಟು ಸಂತೋಷ.

ಇವಳ ಗುಂಡಿಯ ಡಬ್ಬದಲ್ಲಿ ಅಂಗಿ ಗುಂಡಿಗಳ ಕೆಳಗೆ ಬಿಸ್ಕತ್ತು ಸಿಕ್ಕಿತು. ಎತ್ತಿ ಕಸದ ಬುಟ್ಟಿಗೆ ಹಾಕಿದೆ.

"ಹಸಿವಾಗುತ್ತೆ ರೀ. ಹನ್ನೊಂದು ಗಂಟೆ ಹೊತ್ತಿಗೆ ಕೈಕಾಲು ಬಿದ್ದೋಗುತ್ತೆ."

"ಹಸಿವಲ್ಲ ಕಣೇ ಅದು, ನಾಲಿಗೆ ಚಪಲ."

ಅವಳು ಮತ್ತೆ ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಾ ಕೂತಳು.

ಮಾರ್ಚ್ ೧೪, ಶುಕ್ರವಾರ

ವಾರದಲ್ಲಿ ಎರಡು ಸಲ ಬಂತು. ಎರಡು ಸಲವೂ ಊಟಕ್ಕೆ ಮುಂಚೆ. ಹೊಟ್ಟೆ ಖಾಲಿ ಇದ್ದದ್ದು ಒಳ್ಳೆಯದೇ ಆಯಿತು, ವಾಂತಿಯಾಗಿ ಉಸಿರುಗಟ್ಟುವ ಭಯವಿಲ್ಲ. ಒಂದು ವ್ಯತ್ಯಾಸ ಉಂಟು. ಮೊದಲೆಲ್ಲ ಫಿಟ್ಸ್ ಬಂದು ಹೋದ ಮೇಲೆ ಸಂಜೆಯವರೆಗೆ ಕಲ್ಲಿನ ಹಾಗೆ ಮಲಗುತ್ತಿದ್ದಳು. ಈಗ ಮಲಗುವುದಿಲ್ಲ, ತುಂಬಾ ಹೊತ್ತು ಮಂಕಾಗಿರುತ್ತಾಳೆ, ಊಟ ಮಾಡಿದ ಮೇಲೆ ಸರಿಹೋಗುತ್ತಾಳೆ. ವಯಸ್ಸಾದ ಮೇಲೆ ಮನುಷ್ಯರ ಸ್ವಭಾವವೇ ಬದಲಾಗುತ್ತದೆ, ಫಿಟ್ಸಿನದು ಬದಲಾಗದೆ ಇರುತ್ತದೆಯೇ.

ನರದ ಡಾಕ್ಟರು ಫಿಟ್ಸಿನ ಮಾತ್ರೆ ಹೆಚ್ಚಿಸಿದರು. ಸಕ್ಕರೆಯ ಮಾತು ಎತ್ತಿದರೆ, ಅದನ್ನ ಸಕ್ಕರೆ ಡಾಕ್ಟರ ಹತ್ರ ಕೇಳಿ ಎಂದರು. ಅವರ ಹತ್ತಿರ ಫಿಟ್ಸಿನ ಮಾತು ಎತ್ತಿದರೆ ಇವರ ಹತ್ತಿರ ಕಳಿಸುತ್ತಾರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಮಧ್ಯೆ ಗಾಡಿ ಹೊಡೆಯುವವನು ನಾನು.

ಮಾರ್ಚ್ ೨೨, ಶನಿವಾರ

ಇವಳದು ಕಟಿಂಗ್ ಕೆಲಸ. ಹೊಲಿಯುವವರು ಬೇರೆ; ಇವಳು ಗುರುತು ಹಾಕಿ ಕತ್ತರಿಸಿ ಕೊಡುತ್ತಾಳೆ, ಆಸ್ಪತ್ರೆಯ ಕೋಟು, ಹೋಟೆಲಿನವರ ಅಂಗಿ ಇಂಥವು. ಬೀದಿಗೆಲ್ಲ 'ಕಟಿಂಗ್ ಅಕ್ಕ' ಎಂದರೇ ಗೊತ್ತು. ಗಿರಾಕಿ ಬಾಗಿಲಲ್ಲಿ ನಿಂತರೆ ಟೇಪು ಹಿಡಿಯುವ ಮೊದಲೇ ಭುಜದ ಅಳತೆ ಹೇಳುತ್ತಿದ್ದವಳು.

ಇವತ್ತು ಒಂದು ಅಂಗಿಗೆ ಎರಡೂ ಎಡ ತೋಳು ಕತ್ತರಿಸಿದಳು. ಮೊದಲು ನಕ್ಕಳು. "ಎರಡೂ ಎಡಗೈ ಇರೋ ಗಿರಾಕಿ ಬಂದ್ರೆ ಕೊಡೋಣ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಆ ತೋಳುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿಕೊಂಡು, ಒಂದನ್ನು ಮಗುಚಿ, ಇನ್ನೊಂದನ್ನು ಮಗುಚಿ ನೋಡುತ್ತಿದ್ದಳು. ಏನು ತಪ್ಪಾಗಿದೆ ಎನ್ನುವುದೇ ಕೈಗೆ ಸಿಗುತ್ತಿರಲಿಲ್ಲ.

ಮಾತು ಕಡಿಮೆಯಾಗಿದೆ. ಇಂಚಿನ ಟೇಪಿಗೆ "ಅದು... ಉದ್ದದ್ದು" ಎನ್ನುತ್ತಾಳೆ. ನನ್ನನ್ನು ಬೈಯುವುದೂ ನಿಂತಿದೆ. ಮಗಳಿಗೆ ಫೋನಿನಲ್ಲಿ ಹೇಳಿದೆ. ಮಗಳು ಊರಿನ ಇನ್ನೊಂದು ತುದಿಯಲ್ಲಿ ಶಾಲೆಯಲ್ಲಿ ಪಾಠ ಹೇಳುವವಳು. "ಅಪ್ಪಾ, ಅಮ್ಮಂಗೆ ಮರೆವಿನ ಟೆಸ್ಟ್ ಮಾಡಿಸಬೇಕು, ತಡ ಮಾಡಬೇಡಿ" ಎಂದಳು. ಫಿಟ್ಸಿಗೆ ನಾನು ಹೆದರುವವನಲ್ಲ, ಅದರ ದಾರಿ ನನಗೆ ಗೊತ್ತು. ಇದರ ದಾರಿ ಗೊತ್ತಿಲ್ಲ.

ಮಾರ್ಚ್ ೨೭, ಗುರುವಾರ

ಕತ್ತರಿ ಕೈಯಲ್ಲಿದ್ದಾಗ ಬಂತು. ಹತ್ತು ಮಡಿಕೆ ಬಟ್ಟೆ ಸೀಳುವ ಕತ್ತರಿ, ಒಂದು ಕೈಯಲ್ಲಿ ಎತ್ತಿದರೆ ಮಣಿಕಟ್ಟು ನೋಯುತ್ತದೆ. ಅದನ್ನು ಎದೆಗೆ ಅಡ್ಡ ಹಿಡಿದು ಹಾಗೇ ನಿಂತಿದ್ದಳು, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಬೆರಳು ಒಂದೊಂದಾಗಿ ಬಿಡಿಸಿ ತೆಗೆದುಕೊಳ್ಳುವಷ್ಟರಲ್ಲಿ ನನ್ನ ಕೈಗೇ ಗೀರಿತು.

ಕತ್ತರಿಯನ್ನು ನನ್ನ ಟೂಲ್ ಪೆಟ್ಟಿಗೆಯಲ್ಲಿ, ಸ್ಪ್ಯಾನರುಗಳ ಕೆಳಗೆ ಇಟ್ಟು ಬೀಗ ಹಾಕಿದೆ.

ಮಾರ್ಚ್ ೨೮, ಶುಕ್ರವಾರ

ಕತ್ತರಿ ಹುಡುಕಿದಳು. ನೀನೇ ಎಲ್ಲೋ ಇಟ್ಟಿರಬೇಕು ಎಂದೆ.

ಏಪ್ರಿಲ್ ೨, ಬುಧವಾರ

ಮರೆವಿನ ಟೆಸ್ಟಿಗೆ ಕರೆದುಕೊಂಡು ಹೋದೆವು. ಮಗಳು ರಜೆ ಹಾಕಿ ಬಂದಿದ್ದಳು. ಬಿಳಿ ಗೋಡೆಯ ಕೋಣೆ, ಪುಟ್ಟ ಮೇಜು, ಅದರಾಚೆ ಮಗಳ ವಯಸ್ಸಿನ ಡಾಕ್ಟರಮ್ಮ. ಮೂರು ವಸ್ತುಗಳ ಹೆಸರು ಹೇಳಿ ಆಮೇಲೆ ಕೇಳಿದರು. ಇವಳು ಒಂದು ಹೇಳಿದಳು. ಗಡಿಯಾರ ಬರೆಯಿರಿ ಎಂದರು. ದುಂಡಗೆ, ಕೈವಾರ ಇಟ್ಟ ಹಾಗೆ ವೃತ್ತ ಬರೆದಳು. ಕಟಿಂಗ್ ಮಾಡಿದ ಕೈ. ಮುಳ್ಳುಗಳನ್ನು ಎಲ್ಲಿಡುವುದು ಎಂದು ತಿಳಿಯದೆ ನನ್ನ ಮುಖ ನೋಡಿದಳು.

"ಇತ್ತೀಚೆಗೆ ಮರೆತ ಒಂದು ವಿಷಯ ಹೇಳಿ, ಅಮ್ಮಾ" ಎಂದರು ಡಾಕ್ಟರಮ್ಮ.

"ನನ್ನ ಕತ್ತರಿ" ಎಂದಳು. "ದಿನಾ ಹಿಡಿಯೋ ಕತ್ತರಿ. ಎಲ್ಲಿಟ್ಟೆ ಅಂತ ಎಷ್ಟು ಯೋಚಿಸಿದ್ರೂ ನೆನಪಿಗೆ ಬರ್ತಿಲ್ಲ. ಅದೊಂದು ಮರೆತೆ ಅಂದ್ರೆ ಇನ್ನು ನನ್ನ ತಲೇಲಿ ಏನುಳಿದಿದೆ."

ಡಾಕ್ಟರಮ್ಮ ಅದನ್ನು ಬರೆದುಕೊಂಡರು. ನಾನು ನೆಲ ನೋಡುತ್ತಿದ್ದೆ. ಬಾಯಿ ಬಿಟ್ಟು ಹೇಳಬಹುದಿತ್ತು. ಹೇಳಿದರೆ ಮನೆಗೆ ಹೋದ ತಕ್ಷಣ ಕತ್ತರಿ ಕೊಡು ಎನ್ನುತ್ತಾಳೆ, ಕೊಟ್ಟರೆ ಒಂದು ದಿನ ಅದರ ಮೇಲೇ ಬೀಳುತ್ತಾಳೆ. ಅತ್ತ ದರಿ ಇತ್ತ ಪುಲಿ.

ಫಲಿತಾಂಶ ಚೆನ್ನಾಗಿಲ್ಲ.

ಏಪ್ರಿಲ್ ೫, ಶನಿವಾರ

ಎಬ್ಬಿಸಿದೆ. ಹಲ್ಲುಜ್ಜಿಸಿದೆ. ಮಾತ್ರೆ ನುಂಗಿಸಿದೆ. ತರಕಾರಿ ತಿನ್ನಿಸಿದೆ. ಕಿಟಕಿಯ ಹತ್ತಿರ ಕೂರಿಸಿದೆ. ಬೆಳಿಗ್ಗೆ ಸಕ್ಕರೆ ಎಂಬತ್ತನಾಲ್ಕು. ಅದೊಂದಾದರೂ ನನ್ನ ಹಿಡಿತದಲ್ಲಿದೆ.

ಅಡ್ಡರಸ್ತೆಯ ಟೈಲರ್ ಬಂದಿದ್ದ. ಕಟಿಂಗ್ ಮೇಜಿನ ಮೇಲೆ ಅವನಿಗೆ ಹಳೆಯ ಕಣ್ಣು. ಮದುವೆಯಾದ ವರ್ಷ ಲಿಫ್ಟಿನ ಭಾಗಗಳನ್ನು ತುಂಬಿ ತಂದಿದ್ದ ಪೆಟ್ಟಿಗೆಯ ಹಲಗೆಗಳಿಂದ ನಾನೇ ಮಾಡಿಕೊಟ್ಟ ಮೇಜು. ಅಂಗಡಿಯ ಒಳಗೇ ಜೋಡಿಸಿದ್ದರಿಂದ ಹಾಗೇ ಹೊರಗೆ ಹೋಗುವುದಿಲ್ಲ, ಬೋಲ್ಟು ಬಿಚ್ಚಬೇಕು. ಇಪ್ಪತ್ತನೇ ತಾರೀಕು ಭಾನುವಾರ ಬಂದು ತೆಗೆದುಕೊಂಡು ಹೋಗು ಎಂದೆ. ಮೇಜು ಕಣ್ಣ ಮುಂದೆ ಇದ್ದರೆ ತಾನೇ ಕೆಳಗೆ ಇಳಿಯಬೇಕು ಎನ್ನಿಸುವುದು.

ಇವಳಿಗೆ ಇನ್ನೂ ಹೇಳಿಲ್ಲ. ಹೇಳಿದರೂ ಮರೆಯುತ್ತಾಳೆ ಎಂದುಕೊಂಡೆ. ಹೀಗೆ ಅಂದುಕೊಂಡಿದ್ದಕ್ಕೆ ನನಗೇ ಬೇಜಾರಾಯಿತು.

ಏಪ್ರಿಲ್ ೧೦, ಗುರುವಾರ

ಇವತ್ತು ಜಗಳವಾಡಿದೆ. ತಪ್ಪು ನನ್ನದಲ್ಲ.

ಔಷಧಿ ತರಲು ಹೊರಗೆ ಹೋಗಿದ್ದೆ. ಪಕ್ಕದ ಅಂಗಡಿಯಲ್ಲಿ ಇಸ್ತ್ರಿ ಮಾಡುವಾಕೆಗೆ ಸ್ವಲ್ಪ ನೋಡಿಕೋ ಎಂದಿದ್ದೆ. ವಾಪಸ್ ಬಂದರೆ ಇವಳು ಮೆಟ್ಟಿಲ ಮೇಲೆ ಕೂತಿದ್ದಾಳೆ, ಮುಖವೆಲ್ಲ ಬೆವರು, ಕೈಯಲ್ಲಿ ಟೀ ಲೋಟ, ಗಟಗಟ ಕುಡಿಯುತ್ತಿದ್ದಾಳೆ. ಕಣ್ಣು ನೋಡಿದರೆ ಗೊತ್ತಾಗುತ್ತದೆ, ಅದು ಬಂದಿದೆ. ಆ ಹೊತ್ತಿನಲ್ಲಿ ಟೀ. ಅದೂ ಇಸ್ತ್ರಿಯಾಕೆಯ ಟೀ, ಚಮಚ ನೆಟ್ಟರೆ ನಿಲ್ಲುವಷ್ಟು ಸಕ್ಕರೆ.

"ಬುದ್ಧಿ ಇದೆಯೇನಮ್ಮಾ ನಿನಗೆ? ಫಿಟ್ಸ್ ಬಂದೋರ ಬಾಯಿಗೆ ಟೀ ಹುಯ್ತೀಯಾ? ಉಸಿರುಗಟ್ಟಿದ್ರೆ ಯಾರು ಹೊಣೆ?"

"ನಾನೆಲ್ಲಿ ಹುಯ್ದೆ ಅಣ್ಣಾ? ನನ್ನ ಪಾಡಿಗೆ ನಾನು ಕುಡೀತಿದ್ದೆ. ಅಕ್ಕನೇ ಬಂದು ಕೈಯಿಂದ ಕಿತ್ಕೊಂಡ್ರು."

"ಕಿತ್ಕೊಂಡ್ರೆ ಬಿಟ್ಬಿಡೋದಾ?"

ಬೀದಿಯವರೆಲ್ಲ ಬಾಗಿಲಿಗೆ ಬಂದರು. ಆಕೆಯ ಕಣ್ಣಲ್ಲಿ ನೀರು. ನಾನಿನ್ನೂ ಕೂಗಾಡುತ್ತಿದ್ದೆ, ಅಷ್ಟರಲ್ಲಿ ಹಿಂದಿನಿಂದ ಇವಳ ದನಿ: "ಏನ್ರೀ ಅದು, ಬೀದೀಲಿ ನಿಂತು. ಮೊದಲು ಒಳಗೆ ಬನ್ನಿ. ಪಾಪ, ಅವಳ ಟೀ ಎಲ್ಲಾ ನಾನೇ ಕುಡಿದುಬಿಟ್ಟಿದ್ದೀನಿ."

ಎಷ್ಟು ದಿನವಾಗಿತ್ತು ಇವಳು ಇಷ್ಟುದ್ದ ಮಾತಾಡಿ. ಆದರೂ ಸಿಟ್ಟು ಇಳಿಯಲಿಲ್ಲ. ಲೋಟ ಕಸಿದು ಇಸ್ತ್ರಿಯಾಕೆಯ ಮೇಜಿನ ಮೇಲೆ ಕುಕ್ಕಿ ಬಂದೆ. ನಾಳೆ ಬೆಳಿಗ್ಗೆ ಸಕ್ಕರೆ ಎಷ್ಟು ಏರಿರುತ್ತದೋ.

ಏಪ್ರಿಲ್ ೧೨, ಶನಿವಾರ

ಇದನ್ನು ಇವತ್ತೇ ಬರೆಯಬೇಕು.

ಊಟಕ್ಕೆ ಮುಂಚೆ ಬಂತು. ಎಂದಿನಂತೆ ನೆಲಕ್ಕೆ ಇಳಿಸಹೋದೆ. ಇವಳು ಮಲಗಲು ಒಪ್ಪಲಿಲ್ಲ. ಮೈ ಬಿಗಿದು ಕೂತಳು. ಒಂದು ಕೈ ಮುಂದೆ ಚಾಚಿ ಗಾಳಿಯಲ್ಲಿ ಏನನ್ನೋ ಹಿಡಿಯಲು ನೋಡುತ್ತಿತ್ತು. ಲೋಟ ಹಿಡಿಯುವ ಹಾಗೆ.

ಆಗ ಹೊಳೆಯಿತು. ನಾನು ನೋಡಿದ ಫಿಟ್ಸ್‌ಗಳಲ್ಲಿ ಇವಳು ಒಂದು ದಿನವೂ ಇನ್ನೊಬ್ಬರ ಕೈಯಿಂದ ಲೋಟ ಕಿತ್ತುಕೊಂಡವಳಲ್ಲ. ಫಿಟ್ಸಿಗೆ ಬಾಯಾರುವುದಿಲ್ಲ, ಹಸಿಯುವುದಿಲ್ಲ. ಕೆಲಸ ಕಲಿಯಲು ಬಂದವರಿಗೆಲ್ಲ ಮೊದಲ ದಿನ ನಾನು ಹೇಳುತ್ತಿದ್ದದ್ದು ಒಂದೇ: ಲಿಫ್ಟ್ ನಿಂತರೆ ಮೋಟಾರು ಬಿಚ್ಚಬೇಡ, ಮೊದಲು ಕರೆಂಟ್ ಇದೆಯಾ ನೋಡು. ಒಂದೂವರೆ ತಿಂಗಳಿಂದ ಮೋಟಾರನ್ನೇ ಬಿಚ್ಚುತ್ತಾ ಕೂತಿದ್ದೆ.

ಬೆರಳಿಗೆ ಚುಚ್ಚಿದೆ. ನಲವತ್ತಾರು.

ಇಷ್ಟು ಕಡಿಮೆ ಅಂಕಿ ಯಾವತ್ತೂ ಬಂದಿರಲಿಲ್ಲ. ಒಂದು ಕ್ಷಣ ನನಗೆ ಖುಷಿಯಾಯಿತು. ಇದನ್ನು ಯಾರ ಹತ್ತಿರವೂ ಹೇಳಲಾರೆ, ಇಲ್ಲಿ ಮಾತ್ರ ಬರೆಯುತ್ತೇನೆ.

ಸಕ್ಕರೆ ಡಾಕ್ಟರ ಕ್ಲಿನಿಕ್ಕಿಗೆ ಫೋನು ಮಾಡಿದೆ. ನರ್ಸಮ್ಮ ಅಂಕಿ ಕೇಳಿದ ತಕ್ಷಣ ದನಿ ಬದಲಾಯಿಸಿದರು.

"ಎಚ್ಚರ ಇದೆಯಾ? ಕರೆದ್ರೆ ನಿಮ್ಮ ಕಡೆ ನೋಡ್ತಾರಾ?"

"ನೋಡ್ತಿದ್ದಾಳೆ."

"ಒಂದು ಗುಟುಕು ನೀರು ಕೊಡಿ. ನುಂಗಿದ್ರಾ?"

"ನುಂಗಿದಳು."

"ಹಾಗಾದ್ರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಈಗಲೇ ಕುಡಿಸಿ. ನಾನು ಲೈನಲ್ಲೇ ಇರ್ತೀನಿ. ಎಚ್ಚರ ತಪ್ಪಿದ್ರೆ ಮಾತ್ರ ಏನೂ ಕೊಡಬೇಡಿ, ಆಂಬುಲೆನ್ಸ್ ಕರೀರಿ."

ಸಕ್ಕರೆ ಡಬ್ಬ ನಾನೇ ಅಟ್ಟದ ಮೇಲೆ ಹತ್ತಿಸಿಟ್ಟಿದ್ದೆ. ಸ್ಟೂಲು ಹಾಕಿ ಇಳಿಸಿದೆ, ಅರ್ಧ ನೆಲಕ್ಕೆ ಚೆಲ್ಲಿತು. ಕೈ ಲೋಟ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ, ಅವಳದೂ ನನ್ನದೂ. ಚಮಚ ತೆಗೆದುಕೊಂಡೆ. ಅದನ್ನು ಇವಳ ಬಾಯಿಯ ಹತ್ತಿರ ಒಯ್ಯುವಾಗ ನನ್ನ ಮೈಯೆಲ್ಲ ಬೇಡ ಬೇಡ ಎನ್ನುತ್ತಿತ್ತು. ಚಮಚ ಆ ಅರ್ಧ ಹಲ್ಲಿಗೆ ತಾಗಿ ಟಿಂಗ್ ಎಂದಿತು. ನುಂಗಿದಳು. ಇನ್ನೊಂದು. ಮತ್ತೊಂದು.

ಲೋಟ ಖಾಲಿಯಾಗಿ ಸ್ವಲ್ಪ ಹೊತ್ತಿಗೆ ಕಣ್ಣಿಗೆ ಕಣ್ಣು ಕೂಡಿಸಿದಳು.

"ಯಾಕ್ರೀ ಅಳ್ತಿದ್ದೀರಿ?" ಎಂದಳು. ಆಮೇಲೆ ನೆಲ ನೋಡಿ, "ಇರುವೆ ಬರುತ್ತೆ, ಗುಡಿಸಿ" ಎಂದಳು.

ಏಪ್ರಿಲ್ ೧೪, ಸೋಮವಾರ

ಮಗಳು ಇಬ್ಬರು ಡಾಕ್ಟರನ್ನೂ ಫೋನಿನಲ್ಲಿ ಒಬ್ಬರ ಜೊತೆ ಒಬ್ಬರು ಮಾತಾಡುವ ಹಾಗೆ ಮಾಡಿದಳು. ಗಂಟೆಗಟ್ಟಲೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸಾಧಿಸಿದಳಂತೆ. ಟೀಚರು, ಹಟ ಹಿಡಿದರೆ ಬಿಡುವುದಿಲ್ಲ.

ಇಷ್ಟು ದಿನ ಬಂದದ್ದು ಫಿಟ್ಸ್ ಅಲ್ಲ, ಸಕ್ಕರೆ ತೀರಾ ಇಳಿದದ್ದು ಎಂದು ಇಬ್ಬರೂ ಹೇಳಿದರು. ಸಕ್ಕರೆ ಮಾತ್ರೆ ಬದಲಾಯಿತು. ಹೊತ್ತಿಗೆ ಸರಿಯಾಗಿ ಊಟ, ಬೆಳಿಗ್ಗೆ ಬ್ರೆಡ್ಡು, ಮಧ್ಯೆ ಹಣ್ಣು. ಫಿಟ್ಸಿನ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ, ಒಮ್ಮೆಲೇ ಅಲ್ಲ. ಬೆಳಿಗ್ಗೆ ಮಾತ್ರವಲ್ಲ, ಮಂಕು ಕವಿದಾಗಲೂ ಚುಚ್ಚಿ ನೋಡಬೇಕು.

"ಮರೆವು?" ಎಂದು ಕೇಳಿದೆ.

"ಸಕ್ಕರೆ ಇಳಿದಿದ್ರಿಂದ ಸ್ವಲ್ಪ, ಮಾತ್ರೆ ಜಾಸ್ತಿ ಆಗಿದ್ರಿಂದ ಸ್ವಲ್ಪ. ಅಷ್ಟು ವಾಪಸ್ ಬರಬಹುದು" ಎಂದರು ನರದ ಡಾಕ್ಟರು. "ಆದ್ರೆ ಇಷ್ಟು ವರ್ಷದ ಫಿಟ್ಸು, ಇಷ್ಟು ವರ್ಷದ ಮಾತ್ರೆ, ಮೇಲೆ ಈ ವಯಸ್ಸಲ್ಲಿ ಸಕ್ಕರೆ. ಎಲ್ಲಾ ಸೇರಿ ಮೆದುಳಿನ ಮೇಲೆ ಭಾರ ಬಿದ್ದಿರುತ್ತೆ. ಎಲ್ಲವೂ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಮೂರು ತಿಂಗಳು ಬಿಟ್ಟು ಟೆಸ್ಟ್ ಮತ್ತೆ ಮಾಡೋಣ. ಮಂಕು ಪೂರ್ತಿ ನಿಲ್ಲೋವರೆಗೆ ಚೂಪಾದ್ದೇನೂ ಕೈಗೆ ಬೇಡ, ಬೆಂಕಿ ಹತ್ರ ಬೇಡ."

ಆಮೇಲೆ ನೀವು ತಪ್ಪು ಮಾಡಿದಿರಿ ಎನ್ನಬಹುದು ಎಂದು ಕಾದೆ. ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಇಸ್ತ್ರಿಯಾಕೆಯ ಅಂಗಡಿಗೆ ಹೋದೆ. ಏನು ಹೇಳುವುದೆಂದು ತಿಳಿಯದೆ, "ನಿನ್ನ ಟೀಗೆ ಎಷ್ಟು ಚಮಚ ಸಕ್ಕರೆ ಹಾಕ್ತೀಯಮ್ಮಾ?" ಎಂದು ಕೇಳಿದೆ. ಆಕೆ ಇಸ್ತ್ರಿ ಪೆಟ್ಟಿಗೆ ಇಳಿಸದೆಯೇ ಹೇಳಿದಳು, "ನನ್ನ ಸಕ್ಕರೆ ನನ್ನಿಷ್ಟ ಅಣ್ಣಾ." ಇನ್ನೂ ಕೋಪ ಇದೆ. ಇರಲಿ. ಕ್ಷಮಿಸು ಎಂದು ಹೇಳಿಯೇ ಬಂದೆ.

ಏಪ್ರಿಲ್ ೧೭, ಗುರುವಾರ

ಮೂರು ದಿನದಿಂದ ಮಂಕು ಕವಿದಿಲ್ಲ. ಟೇಪಿಗೆ ಟೇಪು ಎಂದಳು.

ಟೈಲರಿಗೆ ಮೇಜು ಕೊಡುವುದಿಲ್ಲ ಎಂದು ಹೇಳಬೇಕೋ ಏನೋ. ಇವಳ ನೆನಪು ವಾಪಸ್ ಬರದಿದ್ದರೆ ಎಂಬ ಮಾತು ತಲೆಯಲ್ಲಿ ಕೊರೆಯುತ್ತಿದೆ. ನಾಳೆ ಹೇಳೋಣ. ಬೋಲ್ಟು ಅರ್ಧ ಬಿಚ್ಚಿದ್ದೆ, ಹಾಗೇ ಇದೆ. ಕತ್ತರಿಯೂ ಪೆಟ್ಟಿಗೆಯಲ್ಲೇ ಇದೆ.

ಏಪ್ರಿಲ್ ೨೦, ಭಾನುವಾರ

ನಾಳೆ ನಾಳೆ ಎಂದು ಟೈಲರಿಗೆ ಹೇಳಲೇ ಇಲ್ಲ. ಬೆಳಿಗ್ಗೆ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದು ನಿಂತ. ಇವಳು ಬ್ರೆಡ್ಡು ತಿನ್ನುತ್ತಾ ಮೆಟ್ಟಿಲಿಳಿದಳು.

"ಏನಪ್ಪಾ, ಇಷ್ಟು ಬೆಳಿಗ್ಗೆ?"

"ಮೇಜು ತಗೊಂಡ್ಹೋಗೋಕೆ ಅಕ್ಕಾ. ಅಣ್ಣ ಹೇಳಿದ್ರಲ್ಲಾ, ನೀವು ಇನ್ನು ಕಟಿಂಗ್ ಮಾಡಲ್ಲ ಅಂತ."

ನನ್ನ ಕಡೆ ನೋಡಿದಳು. ನಾನು ಕಣ್ಣು ತಪ್ಪಿಸಿದೆ. ಮೇಜಿನ ಅಂಚಿಗೆ ಕೈಯಿಟ್ಟಳು, ಅದು ಅಲುಗಾಡಿತು. ಬಗ್ಗಿ ಕೆಳಗೆ ನೋಡಿ, ಬಿಚ್ಚಿದ ಬೋಲ್ಟುಗಳನ್ನು ಕಂಡಳು. ಎದ್ದು ನಿಂತು ಟೈಲರನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು.

"ಈ ಅಂಗಿ ಯಾರು ಕಟ್ ಮಾಡಿದ್ದು? ನೀನೇನಾ? ಎಡ ಭುಜ ಅರ್ಧ ಇಂಚು ಜಾಸ್ತಿ ಬಿಟ್ಟಿದ್ದೀಯ. ಮೊದಲು ಅದನ್ನ ಸರಿ ಮಾಡ್ಕೋ, ಆಮೇಲೆ ಮೇಜಿನ ಮಾತು."

ಆಳುಗಳು ನಕ್ಕರು. ಟೈಲರ್ ಭುಜ ಮುಟ್ಟಿ ನೋಡಿಕೊಳ್ಳುತ್ತಾ ಹೋದ.

"ಬಿಗಿ ಮಾಡಿ" ಎಂದಳು ನನಗೆ, ಅಷ್ಟೇ.

ಸ್ಪ್ಯಾನರು ಬೇಕಿತ್ತು. ಟೂಲ್ ಪೆಟ್ಟಿಗೆ ತಂದು ಬೀಗ ತೆಗೆದೆ. ಸ್ಪ್ಯಾನರು ಎತ್ತಿದರೆ ಅದರ ಕೆಳಗೆ ಕತ್ತರಿ. ಚೂಪಾದ್ದು ಬೇಡ ಎಂದು ಡಾಕ್ಟರು ಹೇಳಿದ್ದರು. ಮುಚ್ಚಿ ಬಿಡಲು ಅದೊಂದು ನೆಪ ಸಾಕಿತ್ತು. ಬಟ್ಟೆಯಿಂದ ಒರೆಸಿದೆ, ಮೇಜಿನ ಮೇಲೆ ಇಟ್ಟೆ, ಮೇಜಿನ ಕೆಳಗೆ ನುಸುಳಿದೆ. ಮುಖ ತೋರಿಸುವ ಧೈರ್ಯವಿರಲಿಲ್ಲ.

ಕೆಳಗಿನಿಂದ ಅವಳ ಚಪ್ಪಲಿ ಮಾತ್ರ ಕಾಣುತ್ತಿತ್ತು.

"ಕತ್ತರಿಗೆ ಗ್ರೀಸಿನ ವಾಸನೆ ಬರ್ತಿದೆ" ಎಂದಳು.

ನಾನು ಬೋಲ್ಟು ತಿರುಗಿಸಿದೆ.

"ಆ ಡಾಕ್ಟರಮ್ಮನ ಮುಂದೆ ನಾನು ಏನು ಹೇಳಿದೆ ಅಂತ ಕೇಳಿಸ್ಕೊಂಡ್ರಿ. ಪಕ್ಕದಲ್ಲೇ ಕೂತಿದ್ರಿ." ದನಿ ಏರಿರಲಿಲ್ಲ. "ನನ್ನ ತಲೆ ಪೂರ್ತಿ ಹೋಯ್ತು ಅಂತ ಅಂದ್ಕೊಂಡಿದ್ದೆ ರೀ. ಮಗಳಿಗೆ ಏನೇನು ಹೇಳಿ ಹೋಗಬೇಕು ಅಂತ ಕೂತು ಯೋಚಿಸ್ತಿದ್ದೆ."

"ಹೆದರಿಬಿಟ್ಟೆ ಕಣೇ" ಎಂದೆ.

"ನೀವು ಹೆದರಿದ್ರಿ ಅಂತ ನನ್ನ ಕತ್ತರಿ ಕಿತ್ಕೊಂಡ್ರಿ, ನನ್ನ ಊಟ ಕಿತ್ಕೊಂಡ್ರಿ."

ಇನ್ನೊಂದು ಬೋಲ್ಟಿಗೆ ಸ್ಪ್ಯಾನರು ಹಾಕಿದೆ. ಸ್ವಲ್ಪ ಹೊತ್ತಿಗೆ ಸೀಮೆಸುಣ್ಣ ಬಟ್ಟೆಯ ಮೇಲೆ ಸರಿಯುವ ಸದ್ದು ಬಂತು. "ಕತ್ತರಿ ಮೊಳೆಗೆ ನೇತು ಹಾಕಿದ್ದೀನಿ. ಡಾಕ್ಟರು ಹೂಂ ಅನ್ನೋವರೆಗೆ ಮುಟ್ಟಲ್ಲ. ಗುರುತು ಹಾಕೋಕೆ ಯಾರ ಅಪ್ಪಣೆಯೂ ಬೇಡ. ಇವತ್ತು ಯಾವ ವಾರ?"

"ಭಾನುವಾರ."

ಸೀಮೆಸುಣ್ಣ ನಿಂತಿತು, ಮತ್ತೆ ಸರಿಯಿತು. "ಇವತ್ತು ಯಾವ ವಾರ ರೀ?"

"ಭಾನುವಾರ" ಎಂದೆ, ಮೊದಲ ಸಲ ಕೇಳಿದಳೇನೋ ಎನ್ನುವ ಹಾಗೆ.

ಕೆಳಗೆ ಕಾಣುತ್ತಿದ್ದ ಚಪ್ಪಲಿ ನನ್ನ ಕಡೆ ತಿರುಗಿತು. "ಒಂದು ಮಾತು. ಇನ್ಮೇಲೆ ನನಗೆ ಹಸಿವು ಅಂದ್ರೆ, ಹಸಿವು."

"ಆಯ್ತು" ಎಂದೆ.

ಕೊನೆಯ ಬೋಲ್ಟು ಬಿಗಿಯಾಯಿತು. ಆದರೂ ಸ್ವಲ್ಪ ಹೊತ್ತು ಮೇಜಿನ ಕೆಳಗೇ ಕೂತಿದ್ದೆ.